ಗುದನಾಳದ ಕ್ಯಾನ್ಸರ್: ರೋಬೋಟ್ ಗೆದ್ದಿತೇ?

ಜಮೀನು ಮಾರಿಯಾದರೂ ರೋಬೋಟ್ ಆಪರೇಷನ್ನೇ ಮಾಡಿಸಬೇಕೇ? ಉತ್ತರಕ್ಕೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಗುದದ್ವಾರ ಸಮೇತ ಗುದನಾಳ ತೆಗೆಯುವ ದಾರಿ ತೋರಿಸಿದರು. ಜೀವ ಉಳಿದರೂ ಮಲ ಹೋಗಲು ಹೊಟ್ಟೆಯ ಮೇಲೆ ಕಾಯಂ ದಾರಿ. 1982ರಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಬಿಲ್ ಹೀಲ್ಡ್, ಸುತ್ತಲಿನ ಕೊಬ್ಬಿನ ಪದರವನ್ನೂ ಇಡಿಯಾಗಿ ತೆಗೆಯಬೇಕು ಎಂದರು. ಚೀಲ ಹರಿಯದೆ ಮೂಟೆ ಎತ್ತಿದಂತೆ ಅನ್ನಿ. ಕ್ಯಾನ್ಸರ್ ಮರುಕಳಿಸುವುದು ಬಹಳ ಇಳಿಯಿತು.

ಆಮೇಲಿನದು ಅದೇ ಕೆಲಸವನ್ನು ಸಣ್ಣ ತೂತಿನಿಂದ ಮಾಡುವ ಪೈಪೋಟಿ. ಲ್ಯಾಪರೋಸ್ಕೋಪಿಯ ನೇರ ಕಡ್ಡಿಗಳಿಗೆ ಸೊಂಟದ ಮೂಳೆಗಳ ನಡುವಿನ ಜಾಗ ಇಕ್ಕಟ್ಟು. ರೋಬೋಟಿನ ಕೈ ಮಣಿಕಟ್ಟಿನಂತೆ ತಿರುಗುತ್ತದೆ, ನಡೆಸುವುದು ಡಾಕ್ಟರೇ. ಗೆಲುವು ಅದರದೇ ಎಂದು ನಾವೂ ಅಂದುಕೊಂಡಿದ್ದೆವು.

2017ರಲ್ಲಿ ಪ್ರಕಟವಾದ ರೋಲಾರ್ ಅಧ್ಯಯನದಲ್ಲಿ 10 ದೇಶಗಳ 471 ರೋಗಿಗಳಿದ್ದರು. ಮಧ್ಯದಲ್ಲೇ ಹೊಟ್ಟೆ ಕೊಯ್ಯಬೇಕಾದದ್ದು ಲ್ಯಾಪರೋಸ್ಕೋಪಿಯಲ್ಲಿ ಶೇ. 12.2, ರೋಬೋಟಿನಲ್ಲಿ ಶೇ. 8.1. ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು. ಖರ್ಚು ಮಾತ್ರ ರೋಬೋಟಿನದೇ ಹೆಚ್ಚು.

2025ರಲ್ಲಿ ಚೀನಾದ 11 ಆಸ್ಪತ್ರೆಗಳ ಫಲಿತಾಂಶ ಬಂತು. ಅಲ್ಲಿನ ಸರ್ಜನ್‌ಗಳು ಎರಡರಲ್ಲೂ ಪಳಗಿದವರು. 3 ವರ್ಷದೊಳಗೆ ಅದೇ ಭಾಗದಲ್ಲಿ ಕ್ಯಾನ್ಸರ್ ಮರಳಿದ್ದು ರೋಬೋಟಿನಲ್ಲಿ ಶೇ. 1.6, ಲ್ಯಾಪರೋಸ್ಕೋಪಿಯಲ್ಲಿ ಶೇ. 4. ಬದುಕುಳಿದವರ ಲೆಕ್ಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.