ಊರಿಗೆ ಬಂದಾಗ ಹೊಸದು

ಶುಕ್ರವಾರ ಬಂತೆಂದರೆ ಫೋನಿನಲ್ಲಿ ಎರಡು ಪಟ್ಟಿಗಳು ಬಂದು ಬೀಳುತ್ತವೆ: ಈ ವಾರ ಚಿತ್ರಮಂದಿರದಲ್ಲಿ ಏನು, ಈ ವಾರ ಓಟಿಟಿಯಲ್ಲಿ ಏನು. ಕಳೆದ ಸಲ ತುಕ್ಕಾನಟ್ಟಿಗೆ ಹೋದಾಗ ಅಂಥದೊಂದು ಪಟ್ಟಿಯನ್ನು ಅಜ್ಜನಿಗೆ ಓದಿ ಹೇಳಿದೆ. ಅಜ್ಜ ತಾನು ನೋಡಿದ ‘ಹೊಸಾ ಪಿಚ್ಚರ್’ ನೆನೆದ: ‘ಬಂಗಾರದ ಮನುಷ್ಯ’. ಸಿನಿಮಾ ತೆರೆಕಂಡದ್ದು 1972ರಲ್ಲಿ. ಅಜ್ಜ ನೋಡಿದ್ದು ಅದಾಗಿ ನಾಲ್ಕೈದು ವರ್ಷಕ್ಕೆ, ಟೂರಿಂಗ್ ಟಾಕೀಸಿನಲ್ಲಿ.

“ಅಷ್ಟೊತ್ತಿಗೆ ಅದು ಹಳೇದಾಗಿತ್ತಲ್ಲಜ್ಜಾ.”

“ಬೆಂಗಳೂರಾಗ ಹಳೇದಾಗಿದ್ದೀತು. ನಮ್ಮೂರಿಗೆ ಬಂದಾಗ ಹೊಸದಲ್ಲೇನೋ ತಮ್ಮಾ?”

ಸಿನಿಮಾ ಪ್ರದರ್ಶನದ ಇತಿಹಾಸದ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ನನಗೆ ಈ ಮಾತು ಚುಚ್ಚಿತು. ನಾವು ಬರೆಯುವ ಇತಿಹಾಸದಲ್ಲಿ ಸಿನಿಮಾಕ್ಕೆ ಒಂದೇ ಹುಟ್ಟಿದ ದಿನ, ಅದು ಬಹುಪಾಲು ಬೆಂಗಳೂರಿನದು.

ಮೊದಲ ಕನ್ನಡ ವಾಕ್ಚಿತ್ರವನ್ನೇ ನೋಡಿ. ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಗೋಕಾಕ ಸೀಮೆಯವರಿಗೆ ಕೊಲ್ಹಾಪುರ ನೆರೆಯ ಪೇಟೆ. ಬೆಂಗಳೂರು ಐನೂರು ಕಿಲೋಮೀಟರ್‌ಗೂ ದೂರ. ಆದರೆ ಇತಿಹಾಸ ನೆನಪಿಟ್ಟುಕೊಂಡದ್ದು 1934ರ ಮಾರ್ಚ್ 3ನ್ನು, ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರವನ್ನು. ಇವತ್ತು ಆ ಸಿನಿಮಾದ ಒಂದು ಪ್ರತಿಯೂ ಉಳಿದಿಲ್ಲ, ದಿನಾಂಕ ಉಳಿದಿದೆ.

ಆಗ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆದರೂ ಸಿನಿಮಾ ವ್ಯಾಪಾರ ತನ್ನ ಹಳೆಯ ನಕಾಶೆಯನ್ನು ಬಿಡಲಿಲ್ಲ. ಹಿಂದಿ ಸಿನಿಮಾಗಳ ವಿತರಣೆಯಲ್ಲಿ ನಮ್ಮ ಕಡೆಯ ಜಿಲ್ಲೆಗಳು ಮುಂಬೈ ವಲಯದ ಲೆಕ್ಕದಲ್ಲೇ ಮುಂದುವರಿದವು. ಕನ್ನಡ ಸಿನಿಮಾಗಳ ವ್ಯವಹಾರ ಬೆಂಗಳೂರಿನ ಗಾಂಧಿನಗರದಲ್ಲಿ ಕುದುರುತ್ತಿತ್ತು. ಒಂದೇ ಊರು, ಎರಡು ಭಾಷೆಯ ಸಿನಿಮಾ, ಎರಡು ದಿಕ್ಕಿನ ದಾರಿ.

ತಡವಾಗುತ್ತಿದ್ದುದಕ್ಕೆ ಕಾರಣ ರೀಲು. ಸಾವಿರ ಅಡಿಯ ಒಂದು ರೀಲು ಪರದೆಯ ಮೇಲೆ ಓಡುವುದು ಸುಮಾರು 11 ನಿಮಿಷ. ಒಂದು ಸಿನಿಮಾಕ್ಕೆ ಅಂಥ ಹದಿನೈದಕ್ಕೂ ಹೆಚ್ಚು ರೀಲು ಬೇಕು. ಪ್ರಿಂಟು ಹಾಕಿಸುವುದು ದುಬಾರಿ, ಹಾಗಾಗಿ ಇದ್ದ ಕೆಲವೇ ಪ್ರಿಂಟುಗಳು ಮೊದಲು ದೊಡ್ಡ ಊರು ಸುತ್ತಿ, ಆಮೇಲೆ ತಾಲ್ಲೂಕಿನ ಪೇಟೆಗೆ, ಕೊನೆಗೆ ಡೇರೆಗೆ ಬರುತ್ತಿದ್ದವು. ‘ಬಂಗಾರದ ಮನುಷ್ಯ’ವಂತೂ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಓಡಿತ್ತು. ದಾರಿಯುದ್ದಕ್ಕೂ ರೀಲು ಹರಿಯುತ್ತಿತ್ತು; ಹರಿದಷ್ಟನ್ನು ಕತ್ತರಿಸಿ ಅಂಟಿಸುತ್ತಿದ್ದರು. ಅಜ್ಜ ನೋಡಿದ ಸಿನಿಮಾ ಮೊದಲ ದಿನದಷ್ಟೇ ಉದ್ದವಿದ್ದಿರಲಾರದು.

ಈ ನೋಟಕ್ಕೆ ದಾಖಲೆ ಎಲ್ಲಿದೆ? 1964ರ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಪ್ರದರ್ಶನಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪರವಾನಗಿ ಬೇಕು. ಪರವಾನಗಿಯ ಕಾಗದ ಡೇರೆಯ ಜಾಗ, ಅವಧಿ ಹೇಳೀತು. ನೆಲದ ಮೇಲೆ ಚಾಪೆ ಹಾಸಿ ಕೂತವರು ಯಾರು, ಯಾವ ಹಾಡಿಗೆ ಚಿಲ್ಲರೆ ಎಸೆದರು ಎಂಬುದನ್ನು ಹೇಳದು. ಅದು ಅಜ್ಜನಂಥವರ ನೆನಪಿನಲ್ಲಿ ಮಾತ್ರ ಇದೆ.

ಆಮೇಲೆ ದೂರದರ್ಶನ ಬಂತು, 1994ರಲ್ಲಿ ಉದಯ ಟಿವಿ ಬಂತು, ಸಿನಿಮಾ ಮನೆಯೊಳಗೆ ಕಾಲಿಟ್ಟಿತು. ಆದರೂ ಹೊಸ ಸಿನಿಮಾಕ್ಕೆ ಕಾಯುವುದು ತಪ್ಪಲಿಲ್ಲ. ತಪ್ಪಿದ್ದು 2020ರ ಜುಲೈನಲ್ಲಿ. ಕೋವಿಡ್‌ನಿಂದ ಚಿತ್ರಮಂದಿರಗಳು ಮುಚ್ಚಿದ್ದಾಗ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ತೆರೆಕಂಡವು. ತುಕ್ಕಾನಟ್ಟಿಗೂ ಬೆಂಗಳೂರಿಗೂ ಒಂದೇ ದಿನ! 2022ರಲ್ಲಿ ‘ಕಾಂತಾರ’ ಚಿತ್ರಮಂದಿರದಿಂದ ಮನೆಗೆ ಬರಲು 55 ದಿನ ಹಿಡಿಯಿತು. 2025ರಲ್ಲಿ ‘ಕಾಂತಾರ: ಅಧ್ಯಾಯ 1’ಕ್ಕೆ 29 ದಿನ ಸಾಕಾಯಿತು.

ಹಾಗಾದರೆ ಅಂತರ ಅಳಿಯಿತೇ? ಘಟಪ್ರಭೆಯ ದಂಡೆಯ ಘೋಡಗೇರಿ ನಮ್ಮ ಸೀಮೆಯದೇ ಊರು, ಚಂದ್ರಶೇಖರ ಕಂಬಾರರ ಊರು. ಇಲ್ಲಿಯ ಆಡುಮಾತನ್ನು ಕಾವ್ಯ, ನಾಟಕಗಳಿಗೆ ತಂದ ಅವರು ‘ಕಾಡುಕುದುರೆ’ ಸಿನಿಮಾವನ್ನೂ ನಿರ್ದೇಶಿಸಿದರು. ಅದರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಅಜ್ಜನಿಗೆ ಕಂಬಾರರು ಗೊತ್ತು. ಆ ಸಿನಿಮಾ ಊರಿಗೆ ಬಂದ ನೆನಪಿಲ್ಲ. ತಮ್ಮದೇ ಮಾತಿನ ಸಿನಿಮಾ ಅವರಿಗೆ ಇವತ್ತಿಗೂ ‘ಹೊಸದು’ ಆಗಿಲ್ಲ. ಡೇರೆಯವನು ತರದ ಸಿನಿಮಾ ಆಗ ಊರಿಗೆ ಬರುತ್ತಿರಲಿಲ್ಲ, ಓಟಿಟಿಯವರು ಕೊಳ್ಳದ ಸಿನಿಮಾ ಈಗ ಮನೆಗೆ ಬರುವುದಿಲ್ಲ. ಕೊಂಡದ್ದೂ ಕರಾರು ಮುಗಿದರೆ ಒಂದು ದಿನ ಪಟ್ಟಿಯಿಂದ ಮಾಯವಾದೀತು.

ಊರಿನಿಂದ ಮರಳಿದ ಮೇಲೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೊಸದೊಂದು ಅಂಕಣ ಹಾಕಿಕೊಂಡಿದ್ದೇನೆ. ಸಿನಿಮಾದ ಹೆಸರು, ಬಿಡುಗಡೆಯಾದ ವರ್ಷ, ಅದರ ಪಕ್ಕಕ್ಕೆ ‘ಊರಿಗೆ ಬಂದದ್ದು’. ಮೊದಲ ಸಾಲಿನಲ್ಲಿ ಅಜ್ಜನ ‘ಬಂಗಾರದ ಮನುಷ್ಯ’ ಇದೆ. ನಿಮ್ಮ ಮನೆಯ ಹಿರಿಯರನ್ನೂ ಕೇಳಿ ನೋಡಿ. ಎರಡನೆಯ ಸಾಲು ಇನ್ನೂ ಖಾಲಿ ಇದೆ.