ಬಿವಾ ಸರೋವರ: ನೀರಿನ ಪಾಲು, ಹೊಣೆಯ ಪಾಲು

ಜಪಾನಿನ ಅತಿದೊಡ್ಡ ಸಿಹಿನೀರಿನ ಸರೋವರ ಬಿವಾ. ಶಿಗಾ ಪ್ರಾಂತ್ಯದ ನಡುವೆ ಸುಮಾರು 670 ಚದರ ಕಿಲೋಮೀಟರ್ ಹರಡಿಕೊಂಡಿರುವ ಅದಕ್ಕೆ ನೂರಕ್ಕೂ ಹೆಚ್ಚು ಹೊಳೆಗಳು ಬಂದು ಸೇರುತ್ತವೆ. ಸಹಜವಾಗಿ ಹೊರಹೋಗುವ ಹೊಳೆ ಮಾತ್ರ ಸೆತಾ ಒಂದೇ. ಅದೇ ಮುಂದೆ ಯೊದೊ ನದಿಯಾಗಿ ಒಸಾಕಾ ತಲುಪುತ್ತದೆ. ಸೆತಾದ ಹೂಳು ತೆಗೆಯಿರೆಂದು ಸರೋವರದ ದಂಡೆಯ ರೈತರು ಶತಮಾನಗಳ ಹಿಂದಿನ ಎದೊ ಕಾಲದಿಂದ ಮೊರೆಯಿಡುತ್ತಿದ್ದರು. ತೆಗೆದರೆ ತಮ್ಮೂರಿಗೆ ನೆರೆ ನುಗ್ಗೀತೆಂದು ಕೆಳಗಿನವರು ಅಡ್ಡಬರುತ್ತಿದ್ದರು. 1896ರ ಮಹಾಮಳೆಯಲ್ಲಿ ನೀರು ಮೂಲಮಟ್ಟಕ್ಕಿಂತ 3.76 ಮೀಟರ್ ಏರಿತು. 1905ರಲ್ಲಿ ನಾಂಗೊ ಒಡ್ಡು ಕಟ್ಟಿದ ಮೇಲೆ ಹರಿವು ಗೇಟುಗಳ ಹಿಡಿತಕ್ಕೆ ಬಂತು. ತಕರಾರು ಮಾತ್ರ ತೀರಲಿಲ್ಲ.

ಖರ್ಚು ಹಂಚಿಕೊಳ್ಳುವ ಮಾತು ಕುದುರಿದ್ದು 1972ರ ವಿಶೇಷ ಕಾಯಿದೆಯಿಂದ. ಕೆಳಗಿನ ನಗರಗಳಿಗೆ ಸೆಕೆಂಡಿಗೆ 40 ಘನಮೀಟರ್ ಹೆಚ್ಚಿನ ನೀರು. ಪ್ರತಿಯಾಗಿ ಶಿಗಾದ ಕಾಮಗಾರಿಗಳಿಗೆ ಒಸಾಕಾ, ಹ್ಯೊಗೊ ಪ್ರಾಂತ್ಯಗಳ ಹಣ. ಮೇಲಿನವರ ಕಷ್ಟಕ್ಕೆ ಕೆಳಗಿನವರು ಬೆಲೆ ತೆರುವ ಈ ಏರ್ಪಾಡು ನಿಜಕ್ಕೂ ದೊಡ್ಡದು. ಆದರೆ 1997ರವರೆಗೆ ನಡೆದ ಈ ಯೋಜನೆ ಹೆಚ್ಚಾಗಿ ಎಂಜಿನಿಯರುಗಳದೇ ಆಯಿತು. ದಂಡೆಗೆ ಏರಿ, ರಸ್ತೆ ಬಂದವು; ಮೀನು ಮೊಟ್ಟೆಯಿಡುವ ಜೊಂಡು ಹಲವೆಡೆ ಕಾಣೆಯಾಯಿತು. ಭತ್ತದ ಗದ್ದೆಗಾಗಿ ಅದಕ್ಕೂ ಮೊದಲೇ ಒಣಗಿಸಿದ ಪಕ್ಕದ ಕಿರುಕೆರೆಗಳ ನಷ್ಟ ಬೇರೆ.

ಜನ ಸರೋವರದ ಹೊಣೆಯನ್ನು ತಮ್ಮದೆಂದು ಕೈಗೆತ್ತಿಕೊಂಡಿದ್ದು ಬಟ್ಟೆ ಒಗೆಯುವ ಪುಡಿಯ ದೆಸೆಯಿಂದ. 1977ರ ಮೇ ತಿಂಗಳಲ್ಲಿ ಯೂರೊಗ್ಲೀನಾ ಎಂಬ ಸೂಕ್ಷ್ಮ ಪಾಚಿ ಉಕ್ಕಿ ನೀರು ಕೆಂಗಂದಾಯಿತು, ಮೀನಿನ ವಾಸನೆ ಹೊಡೆಯಿತು. ಡಿಟರ್ಜೆಂಟಿನ ರಂಜಕವೂ ಪಾಚಿಗೆ ಗೊಬ್ಬರವೆಂದು ತಿಳಿದಾಗ ಗೃಹಿಣಿಯರ ಸಂಘಗಳು ಮನೆಮನೆಯ ಕರಿದ ಎಣ್ಣೆ ಒಟ್ಟುಮಾಡಿ, ಅದರಿಂದ ಸೋಪಿನ ಪುಡಿ ಮಾಡಿಸಿ ಬಳಸತೊಡಗಿದವು. ಕಂಪನಿಗಳ ವಿರೋಧವಿದ್ದರೂ ಗವರ್ನರ್ ಮಸಾಯೊಶಿ ತಾಕೆಮುರಾ ಅವರ ಆಡಳಿತ 1979ರಲ್ಲಿ ಕಟ್ಟಳೆ ತಂದಿತು. ರಂಜಕವಿರುವ ಡಿಟರ್ಜೆಂಟನ್ನು ಶಿಗಾದಲ್ಲಿ ಮಾರುವಂತಿಲ್ಲ, ಬಳಸುವಂತಿಲ್ಲ, ಉಡುಗೊರೆ ಕೊಡುವಂತೆಯೂ ಇಲ್ಲ! ಕಾರ್ಖಾನೆಗಳ ಕೊಳೆನೀರಿನ ಸಾರಜನಕ, ರಂಜಕಗಳಿಗೂ ಮಿತಿ ಬಂತು. ರಂಜಕರಹಿತ ಡಿಟರ್ಜೆಂಟು ಪೇಟೆಗೆ ಬಂದೊಡನೆ ಸೋಪಿನ ಪುಡಿಯ ಬಳಕೆ ಇಳಿಯಿತು, ಕಟ್ಟಳೆ ಉಳಿಯಿತು.

ಹೊಣೆ ಹಂಚಿಕೊಳ್ಳುವ ಹಳೆಯ ಮಾದರಿಯೊಂದು ಪಶ್ಚಿಮ ದಂಡೆಯ ಹರಿಯೆ ಹಳ್ಳಿಯಲ್ಲಿದೆ. ಅಲ್ಲಿ ಒರತೆಯ ನೀರು ಮನೆಯ ತೊಟ್ಟಿಗೇ ಚಿಮ್ಮುತ್ತದೆ. ಮೊದಲ ತೊಟ್ಟಿಯದು ಕುಡಿಯಲು, ಅಡುಗೆಗೆ. ಕೊನೆಯದರಲ್ಲಿ ಪಾತ್ರೆ ಅದ್ದಿಟ್ಟರೆ ತಳಕ್ಕಂಟಿದ ಅನ್ನದಗುಳನ್ನು ಕಾರ್ಪ್ ಮೀನುಗಳು ತಿಂದು ಮುಗಿಸುತ್ತವೆ. ಅಲ್ಲಿಂದ ನೀರು ಊರ ಕಾಲುವೆಗೆ, ಕೊನೆಗೆ ಸರೋವರಕ್ಕೆ. ಹೊರಬಿಡುವ ನೀರು ಮುಂದಿನವರಿಗೂ ಬೇಕೆಂಬ ಎಚ್ಚರ ಅಲ್ಲಿ ದಿನಚರಿಯ ಭಾಗ.

1984ರಲ್ಲಿ ಶಿಗಾದಲ್ಲೇ ಮೊದಲ ವಿಶ್ವ ಸರೋವರ ಸಮ್ಮೇಳನ ನಡೆಯಿತು. 1992ರಲ್ಲಿ ಜೊಂಡಿನ ರಕ್ಷಣೆಗೂ ಕಟ್ಟಳೆ ಬಂತು. ಮೀನುಗಳು ಗದ್ದೆಗೆ ಹತ್ತಿಬಂದು ಮೊಟ್ಟೆಯಿಡುವಂತೆ ಕಾಲುವೆಗಳಲ್ಲಿ ಮೆಟ್ಟಿಲು ಕಟ್ಟುವ ರೈತರೂ ಈಗ ಇದ್ದಾರೆ.

ಆದರೂ ಹೊಸ ಆತಂಕ ಎದುರಾಗಿದೆ. ಚಳಿಗಾಲದಲ್ಲಿ ಮೇಲ್ನೀರು ತಣಿದು ಕೆಳಗಿಳಿದಾಗಲೇ ತಳಕ್ಕೆ ಆಮ್ಲಜನಕ ಸಿಗುವುದು. ಅಳತೆ ಶುರುವಾದ ಮೇಲೆ ಮೊದಲ ಬಾರಿಗೆ 2019ರಲ್ಲಿ ಈ ಕದಡುವಿಕೆ ಪೂರ್ತಿಯಾಗಲಿಲ್ಲ, 2020ರಲ್ಲೂ ಇಲ್ಲ. 2021ರಲ್ಲಿ ಮರಳಿತು. ಚಳಿಗಾಲ ಬೆಚ್ಚಗಾಗುವುದನ್ನು ತಡೆಯುವುದು ಶಿಗಾ, ಒಸಾಕಾಗಳೆರಡರ ಒಪ್ಪಂದದಿಂದ ಆಗುವ ಕೆಲಸವಲ್ಲ.