ಸ್ವಯಂ ತೆರಿಗೆ ನಿರ್ಧರಣೆ (ಯುನೈಟೆಡ್ ಕಿಂಗ್‌ಡಮ್)

ಸ್ವಯಂ ತೆರಿಗೆ ನಿರ್ಧರಣೆ (ಸೆಲ್ಫ್ ಅಸೆಸ್‌ಮೆಂಟ್) ಎಂಬುದು ತೆರಿಗೆದಾರರು ತಮ್ಮ ವಾರ್ಷಿಕ ಆದಾಯವನ್ನು ತಾವೇ ಘೋಷಿಸಿ ತೆರಿಗೆ ಪಾವತಿಸುವ ಬ್ರಿಟನ್ನಿನ ಪದ್ಧತಿ. ಇದು 1996–97ರ ತೆರಿಗೆ ವರ್ಷದಿಂದ ಜಾರಿಯಲ್ಲಿದೆ. ಇದರ ಆಡಳಿತ ಎಚ್‌ಎಂಆರ್‌ಸಿ ಎಂಬ ಕಂದಾಯ ಇಲಾಖೆಯದು. ಅಲ್ಲಿನ ತೆರಿಗೆ ವರ್ಷವು ಏಪ್ರಿಲ್ 6ರಂದು ಆರಂಭವಾಗಿ ಮುಂದಿನ ಏಪ್ರಿಲ್ 5ಕ್ಕೆ ಮುಗಿಯುತ್ತದೆ.

ನೌಕರಿ ಮತ್ತು ಉಪವೃತ್ತಿ

ಸಂಬಳದ ಮೇಲಿನ ತೆರಿಗೆಯನ್ನು ಉದ್ಯೋಗದಾತರೇ ಪಿಎವೈಇ ವ್ಯವಸ್ಥೆಯಡಿ ಕಡಿತ ಮಾಡುವುದರಿಂದ ಬಹುಪಾಲು ನೌಕರರು ಅಲ್ಲಿ ರಿಟರ್ನ್ ಸಲ್ಲಿಸುವುದೇ ಇಲ್ಲ. ನೌಕರಿಯ ಜೊತೆಗೆ ಸ್ವಂತ ವ್ಯಾಪಾರ ಆರಂಭಿಸಿದವರ ಸ್ಥಿತಿ ಬೇರೆ. 2017ರ ಏಪ್ರಿಲ್‌ನಿಂದ ವರ್ಷಕ್ಕೆ 1,000 ಪೌಂಡ್‌ಗಳ ವ್ಯಾಪಾರ ವಿನಾಯಿತಿ ದೊರೆಯುತ್ತಿದೆ. ಖರ್ಚು ಕಳೆಯುವ ಮೊದಲಿನ ಒಟ್ಟು ವಹಿವಾಟು ಈ ಮಿತಿಯನ್ನು ದಾಟಿದರೆ ವರ್ಷಾಂತ್ಯದ ನಂತರದ ಅಕ್ಟೋಬರ್ 5ರೊಳಗೆ ನೋಂದಾಯಿಸಿಕೊಳ್ಳಬೇಕು. ಆಗ 10 ಅಂಕಿಗಳ ತೆರಿಗೆದಾರ ಸಂಖ್ಯೆ ಸಿಗುತ್ತದೆ.

ರಿಟರ್ನ್‌ನ ಮುಖ್ಯ ನಮೂನೆ ಎಸ್‌ಎ100. ಸಂಬಳಕ್ಕೆ ಎಸ್‌ಎ102, ವ್ಯಾಪಾರಕ್ಕೆ ಎಸ್‌ಎ103 ಪುಟಗಳು ಸೇರುತ್ತವೆ. ಸಂಬಳ ಮತ್ತು ಕಡಿತದ ಅಂಕಿಗಳನ್ನು ಉದ್ಯೋಗದಾತರು ಮೇ 31ರೊಳಗೆ ಕೊಡುವ ಪಿ60 ಪತ್ರದಿಂದ ತೆಗೆದುಕೊಳ್ಳಲಾಗುತ್ತದೆ. ಈಗಾಗಲೇ ತೆರಿಗೆ ಕಡಿತವಾದ ಸಂಬಳವನ್ನು ಮತ್ತೆ ತೋರಿಸುವುದು ಅನಗತ್ಯವೆಂದು ಹೊಸಬರು ಭಾವಿಸುವುದುಂಟು. ಆದರೆ ವ್ಯಾಪಾರದ ಲಾಭಕ್ಕೆ ಯಾವ ದರ ಅನ್ವಯಿಸುತ್ತದೆಂಬುದು ಎರಡೂ ಆದಾಯಗಳ ಮೊತ್ತದಿಂದಲೇ ತಿಳಿಯುತ್ತದೆ. ಲಾಭದ ಲೆಕ್ಕದಲ್ಲಿ ನಿಜವಾದ ಖರ್ಚು ಅಥವಾ 1,000 ಪೌಂಡ್ ವಿನಾಯಿತಿ, ಇವೆರಡರಲ್ಲಿ ಒಂದನ್ನು ಮಾತ್ರ ಕಳೆಯಬಹುದು.

ಮೊದಲ ವರ್ಷದ ಹೊರೆ

ಮೊದಲ ಬಾರಿ ಸಲ್ಲಿಸುವವರನ್ನು ತಬ್ಬಿಬ್ಬುಗೊಳಿಸುವುದು ತೆರಿಗೆಯ ದರಕ್ಕಿಂತ ಮುಂಗಡ ಪಾವತಿಯ ನಿಯಮ. ಇಂಗ್ಲೆಂಡಿನಲ್ಲಿ 30,000 ಪೌಂಡ್ ಸಂಬಳವಿರುವವರೊಬ್ಬರು ವ್ಯಾಪಾರದಲ್ಲಿ 7,500 ಪೌಂಡ್ ಗಳಿಸಿ 1,500 ಪೌಂಡ್ ಖರ್ಚು ಮಾಡಿದರು ಎಂದಿಟ್ಟುಕೊಳ್ಳೋಣ. 12,570 ಪೌಂಡ್‌ಗಳ ವೈಯಕ್ತಿಕ ವಿನಾಯಿತಿ ಸಂಬಳದಲ್ಲೇ ಮುಗಿದಿರುವುದರಿಂದ 6,000 ಪೌಂಡ್ ಲಾಭಕ್ಕೆ ಪೂರ್ತಿಯಾಗಿ ಶೇ. 20ರಂತೆ 1,200 ಪೌಂಡ್ ತೆರಿಗೆ ಬೀಳುತ್ತದೆ. ಬಾಕಿ 1,000 ಪೌಂಡ್‌ಗಿಂತ ಕಡಿಮೆಯಿದ್ದರೆ, ಅಥವಾ ಒಟ್ಟು ತೆರಿಗೆಯ ಶೇ. 80ಕ್ಕಿಂತ ಹೆಚ್ಚು ಭಾಗ ಮೂಲದಲ್ಲೇ ಕಡಿತವಾಗಿದ್ದರೆ ಮುಂಗಡ ಕಟ್ಟಬೇಕಿಲ್ಲ. ಇವರ ಸಂಬಳದಿಂದ ಕಡಿತವಾದದ್ದು 3,486 ಪೌಂಡ್. ಅದು ಒಟ್ಟು ತೆರಿಗೆಯ ಸುಮಾರು ಶೇ. 74 ಮಾತ್ರ. ಹಾಗಾಗಿ ಜನವರಿ 31ರಂದು 1,200 ಪೌಂಡ್ ಬಾಕಿಯೊಂದಿಗೆ ಮುಂದಿನ ವರ್ಷದ ಮೊದಲ ಕಂತು 600 ಪೌಂಡ್ ಸೇರಿ 1,800 ಪೌಂಡ್ ತೆರಬೇಕು. ಜುಲೈ 31ಕ್ಕೆ ಮತ್ತೆ 600 ಪೌಂಡ್. ಮುಂದಿನ ವರ್ಷ ಲಾಭ ಕುಸಿಯುವ ಸೂಚನೆಯಿದ್ದರೆ ಕಂತನ್ನು ಇಳಿಸಲು ಕೋರಬಹುದು. ಅಗತ್ಯಕ್ಕಿಂತ ಹೆಚ್ಚು ಇಳಿಸಿದರೆ ಕೊರತೆಯ ಮೇಲೆ ಬಡ್ಡಿ ಬೀಳುತ್ತದೆ.

ಗಡುವು ಮತ್ತು ದಂಡ

ಕಾಗದದ ರಿಟರ್ನ್‌ಗೆ ಅಕ್ಟೋಬರ್ 31, ಆನ್‌ಲೈನ್ ರಿಟರ್ನ್‌ಗೆ ಜನವರಿ 31 ಕೊನೆಯ ದಿನ. ಬಾಕಿ 3,000 ಪೌಂಡ್‌ಗಿಂತ ಕಡಿಮೆಯಿದ್ದು ಡಿಸೆಂಬರ್ 30ರೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಿದರೆ, ಆ ಮೊತ್ತವನ್ನು ಮುಂದಿನ ಸಂಬಳಗಳಿಂದ ಸ್ವಲ್ಪಸ್ವಲ್ಪವಾಗಿ ವಸೂಲು ಮಾಡುವಂತೆ ಕೇಳಿಕೊಳ್ಳಬಹುದು. ಸಣ್ಣ ವ್ಯಾಪಾರಿಗಳಿಗೆ ಇದು ದೊಡ್ಡ ಅನುಕೂಲ. ತಡವಾಗಿ ಸಲ್ಲಿಸಿದವರಿಗೆ, ತೆರಿಗೆ ಬಾಕಿ ಇಲ್ಲದಿದ್ದರೂ, 100 ಪೌಂಡ್ ದಂಡ ವಿಧಿಸಲಾಗುತ್ತದೆ; ಮೂರು ತಿಂಗಳು ಕಳೆದ ಮೇಲೆ ದಿನಕ್ಕೆ 10 ಪೌಂಡ್‌ನಂತೆ 900 ಪೌಂಡ್‌ವರೆಗೆ ಅದು ಬೆಳೆಯಬಹುದು. ವ್ಯಾಪಾರದ ದಾಖಲೆಗಳನ್ನು ಜನವರಿಯ ಗಡುವಿನ ನಂತರ ಕನಿಷ್ಠ 5 ವರ್ಷ ಕಾಪಾಡಬೇಕು.